ಸಮತೋಲ ತಪ್ಪಿದ ಬಾಳು: ಗಾಡ್‌ಫ್ರೀ ರೆಜಿಯೊ ಅವರ ಮಾತಿಲ್ಲದ ಚಿತ್ರಗಳು

86 ನಿಮಿಷಗಳ ಒಂದು ಚಲನಚಿತ್ರವನ್ನು ಕಲ್ಪಿಸಿಕೊಳ್ಳಿರಿ. ಅದರಲ್ಲಿ ಕಥೆಯಿಲ್ಲ, ನಟನಟಿಯರಿಲ್ಲ, ಒಂದು ಸಾಲಿನ ಸಂಭಾಷಣೆಯಿಲ್ಲ, ತೆರೆಯ ಹಿಂದೆ ನಿಂತು ವಿವರಿಸುವ ಧ್ವನಿಯೂ ಇಲ್ಲ. ಮರುಭೂಮಿ, ಮೋಡ, ಅಲೆ, ಗಣಿ, ಅಣೆಕಟ್ಟು, ಹೆದ್ದಾರಿ, ಕಾರ್ಖಾನೆ, ಜನಜಂಗುಳಿ, ಮನುಷ್ಯರ ಮುಖಗಳು, ಇವಿಷ್ಟೇ. ಜೊತೆಗೆ ಮೊದಲಿನಿಂದ ಕೊನೆಯವರೆಗೂ ಹರಿಯುವ ಸಂಗೀತ. ಇಂಥ ಚಿತ್ರವನ್ನು ಯಾರು ನೋಡಿಯಾರು ಎಂದು ನೀವು ಕೇಳಬಹುದು. 1982ರ ಅಕ್ಟೋಬರ್ ತಿಂಗಳಲ್ಲಿ ನ್ಯೂಯಾರ್ಕಿನ ರೇಡಿಯೊ ಸಿಟಿ ಸಂಗೀತಭವನದಲ್ಲಿ ಅದು ಪ್ರದರ್ಶನಗೊಂಡಾಗ ಸಾವಿರಾರು ಜನ ನೆರೆದಿದ್ದರು. 2000ದಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್, ಮುಂದಿನ ತಲೆಮಾರುಗಳಿಗಾಗಿ ಕಾಪಾಡತಕ್ಕ ಚಿತ್ರಗಳ ರಾಷ್ಟ್ರೀಯ ಪಟ್ಟಿಗೆ ಅದನ್ನು ಸೇರಿಸಿತು. ಚಿತ್ರದ ಹೆಸರು 'ಕೊಯಾನಿಸ್ಕಾಟ್ಸಿ'. ನಮ್ಮ ನಾಲಗೆಗೆ ಸುಲಭವಾಗಿ ಒಗ್ಗದ ಈ ಹೆಸರಿನ ವಿಚಾರ ಮುಂದೆ ಬರುತ್ತದೆ. ಅದಕ್ಕೂ ಮೊದಲು ಅದನ್ನು ನಿರ್ಮಿಸಿದವರು ಯಾರೆಂಬುದನ್ನು ತಿಳಿಯಬೇಕು. ಏಕೆಂದರೆ ಅವರು ಸಿನಿಮಾ ಶಾಲೆಯಿಂದ ಬಂದವರಲ್ಲ, ಸನ್ಯಾಸಿಗಳ ಮಠದಿಂದ ಬಂದವರು.

ಗಾಡ್‌ಫ್ರೀ ರೆಜಿಯೊ 1940ರಲ್ಲಿ ಅಮೆರಿಕದ ನ್ಯೂ ಓರ್ಲಿಯನ್ಸ್ ನಗರದ ಕಥೋಲಿಕ ಕುಟುಂಬವೊಂದರಲ್ಲಿ ಹುಟ್ಟಿದರು. ಹದಿನಾಲ್ಕನೆಯ ವಯಸ್ಸಿನಲ್ಲಿ ಮನೆ ತೊರೆದು, ಶಿಕ್ಷಣಸೇವೆಗೆ ಮೀಸಲಾದ ಕ್ರಿಶ್ಚಿಯನ್ ಬ್ರದರ್ಸ್ ಸಭೆಯನ್ನು ಸೇರಿದರು. ಮುಂದಿನ ಹದಿನಾಲ್ಕು ವರ್ಷಗಳು ಉಪವಾಸ, ಪ್ರಾರ್ಥನೆ, ಮೌನ ಮತ್ತು ಪಾಠಪ್ರವಚನಗಳಲ್ಲಿ ಕಳೆದವು. ಹೊರಗೆ 1950ರ ದಶಕದ ಅಮೆರಿಕವು ಮನೆಮನೆಗೆ ದೂರದರ್ಶನ ತಂದುಕೊಳ್ಳುತ್ತಿದ್ದಾಗ, ಒಳಗೆ ತಾವು ಮಧ್ಯಯುಗದಲ್ಲಿ ಬದುಕುತ್ತಿದ್ದಂತೆ ಇತ್ತೆಂದು ಅವರು ಸಂದರ್ಶನಗಳಲ್ಲಿ ನೆನೆದಿದ್ದಾರೆ. ಈ ಮಾತನ್ನು ದೂರಾಗಿ ಅಲ್ಲ, ಕೃತಜ್ಞತೆಯಿಂದಲೇ ಹೇಳಿದ್ದಾರೆ. ಲೋಕದಿಂದ ದೂರ ಬೆಳೆದವನಿಗೆ ಲೋಕಕ್ಕೆ ಮರಳಿದಾಗ ಎಲ್ಲವೂ ವಿಚಿತ್ರವಾಗಿ ಕಾಣುತ್ತದೆ. ಪೇಟೆಯಲ್ಲೇ ಹುಟ್ಟಿದವರಿಗೆ ಕೇಳಿಸದ ಪೇಟೆಯ ಗದ್ದಲವು ಬೆಟ್ಟದಿಂದ ಇಳಿದು ಬಂದವನ ಕಿವಿಗೆ ಬಡಿಯುವುದಿಲ್ಲವೇ? ಹಾಗೆ.

1960ರ ದಶಕದಲ್ಲಿ ಅವರು ನ್ಯೂ ಮೆಕ್ಸಿಕೊ ರಾಜ್ಯದ ಸಾಂತಾ ಫೇ ಪಟ್ಟಣದಲ್ಲಿ ಬೋಧಿಸುತ್ತಿದ್ದರು. ಅಲ್ಲಿಯ ಬಡ ಬಡಾವಣೆಗಳ ಹುಡುಗರು ಬೀದಿಗುಂಪುಗಳನ್ನು ಕಟ್ಟಿಕೊಂಡು ಹೊಡೆದಾಟದಲ್ಲಿ ಬಾಳು ಹಾಳುಮಾಡಿಕೊಳ್ಳುತ್ತಿದ್ದರು. ರೆಜಿಯೊ ಅವರ ನಡುವೆ ಹೋಗಿ, 1963ರಲ್ಲಿ 'ಯಂಗ್ ಸಿಟಿಜನ್ಸ್ ಫಾರ್ ಆ್ಯಕ್ಷನ್' ಎಂಬ ಸಂಘಟನೆಯ ಸಹಸ್ಥಾಪಕರಾದರು. ಬಡವರಿಗಾಗಿ ಒಂದು ಚಿಕಿತ್ಸಾಲಯವನ್ನು ಆರಂಭಿಸುವುದರಲ್ಲೂ ಅವರ ಕೈಯಿತ್ತು. ಈ ದಿನಗಳಲ್ಲೇ ಅವರು ಕಂಡದ್ದು ಲೂಯಿಸ್ ಬುನ್ಯುಯೆಲ್ ಮೆಕ್ಸಿಕೊದಲ್ಲಿ 1950ರಲ್ಲಿ ತಯಾರಿಸಿದ 'ಲೋಸ್ ಓಲ್ವಿದಾದೋಸ್' ಎಂಬ ಚಿತ್ರ. ಬೀದಿಮಕ್ಕಳ ನಿಷ್ಠುರ ಕಥೆ ಅದು. ಆ ಚಿತ್ರ ತಮಗೆ ಮನೋರಂಜನೆಯಾಗಿರಲಿಲ್ಲ, ಆಧ್ಯಾತ್ಮಿಕ ಅನುಭವವೇ ಆಗಿತ್ತೆಂದು ಅವರು ಹೇಳಿದ್ದಾರೆ. ಬೀದಿಗುಂಪಿನ ಹುಡುಗರಿಗೂ ಮತ್ತೆ ಮತ್ತೆ ತೋರಿಸಿದರು. ಉಪದೇಶಕ್ಕೆ ಬಗ್ಗದವರು ಕತ್ತಲಕೋಣೆಯಲ್ಲಿ ಕುಳಿತು ತೆರೆಯ ಮೇಲೆ ತಮ್ಮನ್ನೇ ಕಂಡುಕೊಂಡರು. ಸಿನಿಮಾದ ಶಕ್ತಿ ಎಂಥದ್ದೆಂದು ಆ ಯುವ ಸೋದರನಿಗೆ ಅರಿವಾದದ್ದು ಹೀಗೆ.

1968ರಲ್ಲಿ, ತಮ್ಮ ಇಪ್ಪತ್ತೆಂಟನೆಯ ವಯಸ್ಸಿನಲ್ಲಿ, ರೆಜಿಯೊ ಸಭೆಯನ್ನು ಬಿಟ್ಟರು. ಸಾಂತಾ ಫೇಯಲ್ಲೇ ಉಳಿದು 1972ರಲ್ಲಿ ಗೆಳೆಯರೊಡನೆ 'ಇನ್‌ಸ್ಟಿಟ್ಯೂಟ್ ಫಾರ್ ರೀಜನಲ್ ಎಜುಕೇಷನ್' ಎಂಬ ಸಣ್ಣ ಸಂಸ್ಥೆಯನ್ನು ಕಟ್ಟಿದರು. ಎರಡು ವರ್ಷಗಳ ನಂತರ ಆ ಸಂಸ್ಥೆ ಅಮೆರಿಕದ ನಾಗರಿಕ ಹಕ್ಕುಗಳ ಒಕ್ಕೂಟದ ನೆರವಿನಿಂದ ಒಂದು ಜನಜಾಗೃತಿ ಅಭಿಯಾನ ನಡೆಸಿತು. ವಿಷಯ: ಯಂತ್ರಗಳ ಮೂಲಕ ಜನರ ಖಾಸಗಿ ಬದುಕಿನೊಳಗೆ ಇಣುಕುವುದು, ಅವರ ನಡವಳಿಕೆಯನ್ನು ನಿಯಂತ್ರಿಸುವುದು. ಅದು 1974 ಎಂಬುದನ್ನು ಗಮನಿಸಿರಿ. ಕೈಫೋನು ಯಾರ ಜೇಬಿನಲ್ಲೂ ಇರಲಿಲ್ಲ. ಭಿತ್ತಿಫಲಕ, ಪತ್ರಿಕೆ, ಬಾನುಲಿ, ದೂರದರ್ಶನ ಎಲ್ಲವನ್ನೂ ಅವರು ಬಳಸಿದರು. ಅವರ ಕಿರು ಜಾಹೀರಾತುಗಳು ಜನರನ್ನು ಎಷ್ಟು ಸೆಳೆದವೆಂದರೆ, ಮತ್ತೆ ಯಾವಾಗ ತೋರಿಸುತ್ತೀರಿ ಎಂದು ವೀಕ್ಷಕರೇ ದೂರದರ್ಶನ ಕೇಂದ್ರಗಳಿಗೆ ದೂರವಾಣಿ ಮಾಡಿ ಕೇಳುತ್ತಿದ್ದರಂತೆ. ಜಾಹೀರಾತಿಗೆ ಕಾದು ಕುಳಿತ ಜನರನ್ನು ನಾನಂತೂ ಬೇರೆಲ್ಲೂ ಕೇಳಿಲ್ಲ!

ಅಭಿಯಾನ ಮುಗಿದಾಗ ಸಂಸ್ಥೆಯ ಬಳಿ ನಲವತ್ತು ಸಾವಿರ ಡಾಲರ್ ಉಳಿದಿತ್ತು. ಆ ಹಣದಿಂದ ಒಂದು ಚಿತ್ರ ಮಾಡೋಣವೆಂದು ಸೂಚಿಸಿದವರು ಛಾಯಾಗ್ರಾಹಕ ರಾನ್ ಫ್ರಿಕೆ. 1975ರಲ್ಲಿ ಸೇಂಟ್ ಲೂಯಿಸ್ ನಗರದಲ್ಲಿ ಚಿತ್ರೀಕರಣ ಶುರುವಾಯಿತು. ಹಣ ಸಾಲದೆ ಮೊದಲು 16 ಮಿಲಿಮೀಟರ್ ಫಿಲ್ಮಿನಲ್ಲಿ ತೆಗೆದರು. ಹಣ ಬಂದಾಗ ಕೆಲಸ ಸಾಗಿತು, ಬತ್ತಿದಾಗ ನಿಂತಿತು. ಚಿತ್ರಕಥೆ ಇರಲಿಲ್ಲ. ಮುಗಿಯಲು ಏಳು ವರ್ಷ ಹಿಡಿಯಿತು.

ಯಂತ್ರಯುಗವನ್ನು ಕುರಿತು ಮಾತಿಲ್ಲದೆ ಚಿತ್ರ ಮಾಡಿದವರಲ್ಲಿ ರೆಜಿಯೊ ಮೊದಲಿಗರೇನಲ್ಲ. 1927ರಲ್ಲಿ ವಾಲ್ಟರ್ ರುಟ್‌ಮನ್ ಬರ್ಲಿನ್ ನಗರದ ಒಂದು ದಿನವನ್ನು, ಮುಂಜಾನೆಯ ರೈಲಿನಿಂದ ಆರಂಭಿಸಿ ನಡುರಾತ್ರಿಯವರೆಗೆ, ಸ್ವರಮೇಳದಂತೆ ಹೆಣೆದಿದ್ದರು. ಎರಡು ವರ್ಷಗಳ ತರುವಾಯ ಸೋವಿಯತ್ ದೇಶದ ಜೀಗಾ ವೆರ್ಟೋವ್ 'ಮ್ಯಾನ್ ವಿತ್ ಎ ಮೂವೀ ಕ್ಯಾಮೆರಾ' ಚಿತ್ರವನ್ನು ಹೊರತಂದರು. ಅದರಲ್ಲಿ ಕ್ಯಾಮೆರಾ ಹಿಡಿದವರು ವೆರ್ಟೋವರ ತಮ್ಮ ಮಿಖಾಯಿಲ್ ಕೌಫ್‌ಮನ್, ತುಣುಕುಗಳನ್ನು ಜೋಡಿಸಿದವರು ಹೆಂಡತಿ ಎಲಿಜವೆಟಾ ಸ್ವಿಲೋವಾ. ಆ ಚಿತ್ರದಲ್ಲಿ ಗಿರಣಿಯ ಚಕ್ರ, ಟ್ರಾಮು, ಹೆಣ್ಣುಮಗಳ ಕಣ್ಣು, ಕ್ಯಾಮೆರಾದ ಮಸೂರ ಎಲ್ಲವೂ ಒಂದೇ ಲಯದಲ್ಲಿ ನಲಿಯುತ್ತವೆ. ವೆರ್ಟೋವರಿಗೆ ಯಂತ್ರವೆಂದರೆ ಬಿಡುಗಡೆ. ಹಸಿವು, ಅಜ್ಞಾನ, ಜಮೀನ್ದಾರಿಕೆಗಳಿಂದ ಜನರನ್ನು ಮೇಲೆತ್ತುವ ಬಲಿಷ್ಠ ತೋಳು. ಆ ನಂಬಿಕೆಯನ್ನು ಅಣಕಿಸುವುದು ಸಲ್ಲದು. ಬಾವಿಯಿಂದ ನೀರು ಸೇದಿ ಸೊಂಟ ಮುರಿದುಕೊಂಡ ನಮ್ಮ ಅಜ್ಜಿಯರನ್ನು ಕೇಳಿದ್ದರೆ ಅವರೂ ಪಂಪುಸೆಟ್ಟಿನ ಪರವಾಗಿಯೇ ಸಾಕ್ಷಿ ನುಡಿಯುತ್ತಿದ್ದರು. ಆದರೆ 1929ಕ್ಕೂ 1982ಕ್ಕೂ ನಡುವೆ ಹಿರೋಶಿಮಾ ಇದೆ, ನಾಗಾಸಾಕಿ ಇದೆ. ಅದೇ ಕ್ಯಾಮೆರಾ, ಅದೇ ಮಾತಿಲ್ಲದ ರೂಪ. ಅದರೊಳಗಿನ ಪ್ರಶ್ನೆ ಮಾತ್ರ ಬದಲಾಗಿತ್ತು.

ಈ ಚಿತ್ರದ ಮುಖ್ಯ ಸಾಧನ ಕಾಲವನ್ನು ಹಿಗ್ಗಿಸುವುದು, ಕುಗ್ಗಿಸುವುದು. ಸಿನಿಮಾದಲ್ಲಿ ಸೆಕೆಂಡಿಗೆ 24 ಸ್ಥಿರಚಿತ್ರಗಳು ಓಡುತ್ತವೆ. ತೆಗೆಯುವಾಗ ಸೆಕೆಂಡಿಗೆ ಒಂದೇ ಚಿತ್ರ ತೆಗೆದರೆ, ಒಂದು ಗಂಟೆಯ ವಿದ್ಯಮಾನವು ತೆರೆಯ ಮೇಲೆ ಎರಡೂವರೆ ನಿಮಿಷದಲ್ಲಿ ಮುಗಿದುಹೋಗುತ್ತದೆ. ಮೋಡಗಳು ಬೆಟ್ಟಗಳ ಮೇಲೆ ನೀರಿನಂತೆ ಧುಮುಕುತ್ತವೆ. ರಾತ್ರಿಯ ಹೆದ್ದಾರಿಯ ವಾಹನಗಳು ರಕ್ತನಾಳದಲ್ಲಿ ಹರಿವ ಬೆಳಕಾಗುತ್ತವೆ. ತದ್ವಿರುದ್ಧವಾಗಿ ಹೆಚ್ಚು ಚಿತ್ರಗಳನ್ನು ತೆಗೆದು ನಿಧಾನವಾಗಿ ತೋರಿಸಿದರೆ, ರಸ್ತೆಯಲ್ಲಿ ನಡೆದುಹೋಗುವ ಒಬ್ಬ ಮುದುಕನ ಮುಖದ ಮೇಲೆ ಹಾಯುವ ಭಾವಗಳೆಲ್ಲ ಎಣಿಸುವಷ್ಟು ಸ್ಪಷ್ಟವಾಗುತ್ತವೆ. ನ್ಯೂಯಾರ್ಕ್ ನಗರವನ್ನು ಜೀವಕೋಶಗಳ ಶರೀರವೊಂದರಂತೆ ಇದೇ ವಿಧಾನದಲ್ಲಿ ತೋರಿಸಿದ 'ಆರ್ಗ್ಯಾನಿಸಂ' (1975) ಎಂಬ ಕಿರುಚಿತ್ರದ ಕರ್ತೃ ಹಿಲರಿ ಹ್ಯಾರಿಸ್ ಕೂಡ ರೆಜಿಯೊ ಅವರಿಗೆ ನೆರವಾದರು.

ಇನ್ನು ಚಿತ್ರವನ್ನೇ ನೋಡೋಣ. ಮೊದಲಿಗೆ ಯೂಟಾ ರಾಜ್ಯದ ಹಾರ್ಸ್‌ಶೂ ಕಣಿವೆಯ ಬಂಡೆಗಳ ಮೇಲೆ ಸಾವಿರಾರು ವರ್ಷಗಳ ಹಿಂದಿನವರು ಬರೆದ ಎತ್ತರದ, ಕೈಕಾಲುಗಳಿಲ್ಲದ ಆಕೃತಿಗಳು. (ಅದೇ ಬಂಡೆಸಾಲಿನ ಇನ್ನೊಂದು ಆಕೃತಿಗೆ ಈಗಿನವರು 'ಪವಿತ್ರಾತ್ಮ' ಎಂದು ಹೆಸರಿಟ್ಟಿದ್ದಾರೆ, ಬರೆದವರು ಅದನ್ನು ಏನೆಂದು ಕರೆಯುತ್ತಿದ್ದರೋ ಯಾರೂ ಅರಿಯರು.) ಆ ಮೌನಮೂರ್ತಿಗಳ ಬೆನ್ನಿಗೇ ಬೆಂಕಿ, ಹೊಗೆ, ಉದುರುವ ಹಿಮದ ಚೂರುಗಳು: ಸ್ಯಾಟರ್ನ್ ರಾಕೆಟ್ ನೆಲ ಬಿಟ್ಟು ಮೇಲೇಳುತ್ತಿದೆ. ಅನಂತರ ಬಹುಹೊತ್ತು ಮನುಷ್ಯರಿಲ್ಲದ ನೆಲ. ಕಣಿವೆ, ಮರಳು, ಮೇಘ, ಸಮುದ್ರ. ಆದಿಕಾಂಡದ ಮೊದಲ ದಿನಗಳಂತೆ, ಮನುಷ್ಯ ಇನ್ನೂ ಬಂದಿಲ್ಲ. ಬಂದಾಗ ಮೊದಲು ಕಾಣುವುದು ಮನುಷ್ಯನಲ್ಲ, ಅವನ ಯಂತ್ರ. ಬೃಹತ್ ಗಣಿಲಾರಿಯೊಂದು ಕಪ್ಪು ಧೂಳಿನಲ್ಲಿ ಮುಳುಗುತ್ತದೆ. ವಿದ್ಯುತ್ ಗೋಪುರಗಳು ಮರುಭೂಮಿಯನ್ನು ದಾಟುತ್ತವೆ. ಕ್ಯಾಲಿಫೋರ್ನಿಯದ ಕಡಲತೀರದಲ್ಲಿ ಹೆಂಗಸರು, ಮಕ್ಕಳು ಬಿಸಿಲು ಕಾಯಿಸಿಕೊಳ್ಳುತ್ತ ನಿಶ್ಚಿಂತೆಯಿಂದ ಮಲಗಿದ್ದಾರೆ. ಕ್ಯಾಮೆರಾ ಮೆಲ್ಲನೆ ಮೇಲೆ ನೋಡಿದರೆ ಅವರ ಹಿಂದೆಯೇ ಸಾನ್ ಒನೊಫ್ರೆ ಅಣುವಿದ್ಯುತ್ ಸ್ಥಾವರದ ದುಂಡು ಗುಮ್ಮಟಗಳು. ಯಾರೂ ಹೆದರಿದಂತಿಲ್ಲ, ಯಾರೂ ಗಮನಿಸಿದಂತೆಯೂ ಇಲ್ಲ. ಇಡೀ ಚಿತ್ರದ ಅಭಿಪ್ರಾಯ ಆ ಒಂದು ದೃಶ್ಯದಲ್ಲಿ ಅಡಗಿದೆ ಎನ್ನಬಹುದು.

ಚಿತ್ರದ ನಡುವೆ ಬರುವ ಒಂದು ಭಾಗದ ಬಗ್ಗೆ ನಿಂತು ಮಾತಾಡಬೇಕಾಗಿದೆ. ಸೇಂಟ್ ಲೂಯಿಸ್ ನಗರದಲ್ಲಿ ಬಡವರಿಗಾಗಿ ಸರ್ಕಾರ ಕಟ್ಟಿಸಿದ 'ಪ್ರೂಯಿಟ್-ಐಗೊ' ಎಂಬ ವಸತಿಸಮೂಹ ಅದು. ಹನ್ನೊಂದು ಅಂತಸ್ತಿನ 33 ಕಟ್ಟಡಗಳು, 2,870 ಮನೆಗಳು. ವಾಸ್ತುಶಿಲ್ಪಿ ಮಿನೊರು ಯಮಸಾಕಿ. ಮುಂದೆ ನ್ಯೂಯಾರ್ಕಿನ ಜೋಡಿ ಗೋಪುರಗಳನ್ನು ವಿನ್ಯಾಸಗೊಳಿಸಿದವರೂ ಇವರೇ. 1954ರಲ್ಲಿ ಮೊದಲ ಕುಟುಂಬಗಳು ಬಂದಾಗ ಅದನ್ನು ಹೊಸಯುಗದ ಮಾದರಿಯೆಂದು ಹೊಗಳಿದ್ದರು. ಹದಿನೆಂಟೇ ವರ್ಷಗಳಲ್ಲಿ, 1972ರ ಮಾರ್ಚ್ ತಿಂಗಳಲ್ಲಿ, ಸ್ಫೋಟಕಗಳಿಂದ ಅದನ್ನು ಕೆಡವಲು ಆರಂಭಿಸಿದರು. 1976ರ ವೇಳೆಗೆ ಒಂದೂ ಉಳಿಯಲಿಲ್ಲ. ತೆರೆಯ ಮೇಲೆ ಒಡೆದ ಕಿಟಕಿಗಳ ಸಾಲು ಸಾಲು ಕಟ್ಟಡಗಳನ್ನು ಕ್ಯಾಮೆರಾ ಆಕಾಶದಿಂದ ಸವರಿಕೊಂಡು ಹೋಗುತ್ತದೆ. ಆಮೇಲೆ ಅವು ಒಂದೊಂದಾಗಿ ಮೊಣಕಾಲೂರಿದಂತೆ ಕುಸಿಯುತ್ತವೆ. ನೋಡುವವರ ಎದೆ ನಡುಗುತ್ತದೆ.

ಆದರೆ ಇಲ್ಲಿ ನಾವು ಒಂದು ಮಾತು ಕೇಳಲೇಬೇಕು. ಆ ಕಟ್ಟಡಗಳನ್ನು ಕೆಡವಿದ್ದು ತಂತ್ರಜ್ಞಾನದ ಅಹಂಕಾರವೇ? ಚಿತ್ರ ನೋಡಿದವರಿಗೆ ಹಾಗೆ ಅನಿಸುತ್ತದೆ. ಇತಿಹಾಸ ಬೇರೆಯದನ್ನೂ ಹೇಳುತ್ತದೆ. ಯೋಜನೆ ರೂಪುಗೊಂಡಾಗ ಪ್ರೂಯಿಟ್ ಭಾಗ ಕರಿಯರಿಗೆ, ಐಗೊ ಭಾಗ ಬಿಳಿಯರಿಗೆ ಎಂದು ವಿಂಗಡಿಸಲಾಗಿತ್ತು. ನ್ಯಾಯಾಲಯ ಆ ಭೇದವನ್ನು ರದ್ದುಪಡಿಸಿದ ಮೇಲೆ ಬಿಳಿಯರು ಉಪನಗರಗಳತ್ತ ನಡೆದರು; ಉದ್ಯೋಗಗಳೂ ಅವರ ಹಿಂದೆ ಹೋದವು. ನಿರ್ವಹಣೆಯ ಖರ್ಚು ಬಡ ಬಾಡಿಗೆದಾರರು ಕೊಡುವ ಬಾಡಿಗೆಯಿಂದಲೇ ಹುಟ್ಟಬೇಕಾಗಿತ್ತು. ಬಾಡಿಗೆ ಕಡಿಮೆಯಾದಾಗ ಲಿಫ್ಟು ಕೆಟ್ಟಿತು, ಕೊಳವೆ ಒಡೆಯಿತು, ದುರಸ್ತಿ ಮಾಡುವವರಿಲ್ಲ. ಮಿತವ್ಯಯಕ್ಕೆಂದು ಲಿಫ್ಟನ್ನು ಪ್ರತಿ ಅಂತಸ್ತಿನಲ್ಲಿ ನಿಲ್ಲದಂತೆ ಮಾಡಿದ್ದರಿಂದ ಮುದುಕರೂ ಗರ್ಭಿಣಿಯರೂ ಕತ್ತಲ ಮೆಟ್ಟಿಲುಗಳನ್ನು ಹತ್ತಬೇಕಾಯಿತು. ಕಾಂಕ್ರೀಟಿಗಿಂತ ಹೆಚ್ಚಾಗಿ ಆ ಮನೆಗಳನ್ನು ಉರುಳಿಸಿದ್ದು ಜನಾಂಗಭೇದ ಮತ್ತು ಉಪೇಕ್ಷೆ. 2011ರಲ್ಲಿ ಬಂದ ಒಂದು ಸಾಕ್ಷ್ಯಚಿತ್ರ ಅಲ್ಲಿ ಬದುಕಿದವರ ಬಾಯಿಂದಲೇ ಇದನ್ನು ಹೇಳಿಸಿತು. ಮಾತಿಲ್ಲದ ಚಿತ್ರಕ್ಕೆ ಇದನ್ನು ಹೇಳುವ ದಾರಿಯಿಲ್ಲ. ಮೌನಕ್ಕೆ ಅಪಾರ ಶಕ್ತಿಯುಂಟು. ಬಡವರ ಪರವಾಗಿ ಸಾಕ್ಷಿ ನುಡಿಯಬೇಕಾದ ಕಡೆ ಅದು ಸಾಲುವುದಿಲ್ಲ. ಬೀದಿಮಕ್ಕಳ ಜೊತೆ ವರ್ಷಗಟ್ಟಲೆ ದುಡಿದ ರೆಜಿಯೊ ಅವರೇ ಇಲ್ಲಿ ಆ ಬಡವರ ಮುಖಗಳಿಗಿಂತ ಗೋಡೆಗಳನ್ನು ಹೆಚ್ಚು ನೋಡಿದರೇನೋ ಎಂದು ನನಗನಿಸುತ್ತದೆ.

ಮುಂದಿನ ಭಾಗದಲ್ಲಿ ಚಿತ್ರದ ವೇಗ ಹುಚ್ಚುಹೊಳೆಯಂತೆ ಏರುತ್ತದೆ. ಸುಮಾರು ಇಪ್ಪತ್ತು ನಿಮಿಷಗಳ ಕಾಲ ಕಾರುಗಳು, ರೈಲು ನಿಲ್ದಾಣದ ಜನ, ಕಾರ್ಖಾನೆಯ ಪಟ್ಟಿಗಳ ಮೇಲೆ ಸಾಗುವ ಸಾಸೇಜುಗಳು, ಎಸ್ಕಲೇಟರಿನ ಮೇಲೆ ಸಾಗುವ ಮನುಷ್ಯರು. ಯಾವುದು ಸರಕು, ಯಾರು ಮನುಷ್ಯರು ಎಂಬ ವ್ಯತ್ಯಾಸ ಕಣ್ಣೆದುರೇ ಕರಗುತ್ತದೆ. ಕೊನೆಗೆ ಆಕಾಶದಿಂದ ತೆಗೆದ ನಗರಗಳ ಚಿತ್ರಗಳ ಪಕ್ಕದಲ್ಲಿ ಗಣಕಯಂತ್ರದ ಚಿಪ್ಪುಗಳ ಚಿತ್ರಗಳು ಬರುತ್ತವೆ. ಎರಡೂ ಒಂದೇ ತೆರನಾಗಿವೆ! ಆ ವೇಗಕ್ಕೆ ಜೀವ ತುಂಬುವುದು ಫಿಲಿಪ್ ಗ್ಲಾಸ್ ಅವರ ಸಂಗೀತ. ತಾವು ಸಿನಿಮಾಕ್ಕೆ ಸಂಗೀತ ಬರೆಯುವವರಲ್ಲವೆಂದು ಗ್ಲಾಸ್ ಮೊದಲು ನಿರಾಕರಿಸಿದ್ದರು. ರೆಜಿಯೊ ತಮ್ಮ ದೃಶ್ಯಗಳನ್ನು ಗ್ಲಾಸ್ ಅವರದೇ ಹಳೆಯ ಸಂಗೀತದೊಡನೆ ಜೋಡಿಸಿ ತೋರಿಸಿದ ಮೇಲೆ ಒಪ್ಪಿದರು. ಇಲ್ಲಿ ಭಾರತಕ್ಕೊಂದು ನಂಟಿದೆ. 1960ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಪಂಡಿತ್ ರವಿಶಂಕರ್ ಅವರು ಒಂದು ಚಿತ್ರಕ್ಕೆ ಸಂಗೀತ ನೀಡುತ್ತಿದ್ದಾಗ, ಅದನ್ನು ಪಾಶ್ಚಾತ್ಯ ವಾದಕರಿಗಾಗಿ ಸ್ವರಲಿಪಿಗೆ ಇಳಿಸುವ ಕೆಲಸ ಯುವ ಗ್ಲಾಸ್ ಅವರ ಪಾಲಿಗೆ ಬಂದಿತ್ತು. ಸಣ್ಣ ಸಣ್ಣ ಲಯಘಟಕಗಳನ್ನು ಕೂಡಿಸುತ್ತ ದೊಡ್ಡ ಆವರ್ತವನ್ನು ಕಟ್ಟುವ ನಮ್ಮ ತಾಳಪದ್ಧತಿಯನ್ನು ಅವರು ರವಿಶಂಕರ್ ಮತ್ತು ತಬಲಾವಾದಕ ಅಲ್ಲಾ ರಖಾ ಅವರಿಂದ ಅರಿತರು. ಗಾಂಧೀಜಿಯವರ ದಕ್ಷಿಣ ಆಫ್ರಿಕದ ದಿನಗಳನ್ನು ಕುರಿತ 'ಸತ್ಯಾಗ್ರಹ' (1980) ಎಂಬ ಗೀತರೂಪಕದ ಸಂಗೀತವೂ ಇವರದೇ. ಅದರ ಸಾಹಿತ್ಯ ಭಗವದ್ಗೀತೆಯ ಸಂಸ್ಕೃತ.

ಈಗ ಹೆಸರಿನ ವಿಚಾರ. 'ಕೊಯಾನಿಸ್ಕಾಟ್ಸಿ' ಅರಿಜೋನಾ ರಾಜ್ಯದ ಹೋಪಿ ಮೂಲನಿವಾಸಿಗಳ ಭಾಷೆಯ ಪದ. ಸಮತೋಲ ತಪ್ಪಿದ ಬಾಳು, ಬೇರೆ ರೀತಿಯ ಬಾಳುವೆಯನ್ನು ಬೇಡುವ ಸ್ಥಿತಿ ಎಂಬ ಅರ್ಥಗಳನ್ನು ಚಿತ್ರದ ಕೊನೆಯಲ್ಲಿ ಕೊಟ್ಟಿದ್ದಾರೆ. ನಾವು ಸಹಜವೆಂದು ಭಾವಿಸಿದ್ದು ಹೋಪಿ ಹಿರಿಯರ ಕಣ್ಣಿಗೆ ಅಸಹಜವಾಗಿ ಕಾಣುತ್ತದೆ. ಆ ಕಣ್ಣನ್ನು ಎರವಲು ಪಡೆಯಲೆಂದೇ ರೆಜಿಯೊ ಆ ಪದವನ್ನು ಆರಿಸಿಕೊಂಡರು. ಕೊನೆಯಲ್ಲಿ ಹೋಪಿ ಭಾಷೆಯ ಹಾಡಿನಲ್ಲಿ ಮೂರು ಭವಿಷ್ಯವಾಣಿಗಳು ಕೇಳಿಬರುತ್ತವೆ. ನೆಲದೊಳಗಿನ ಅಮೂಲ್ಯ ವಸ್ತುಗಳನ್ನು ಅಗೆದು ತೆಗೆದರೆ ಅನರ್ಥವನ್ನು ಕರೆದಂತಾಗುತ್ತದೆ ಎಂಬುದು ಅವುಗಳಲ್ಲೊಂದು. ಇದು ಬರೀ ಪುರಾಣದ ಮಾತಾಗಿರಲಿಲ್ಲ. ಚಿತ್ರ ತಯಾರಾಗುತ್ತಿದ್ದ ವರ್ಷಗಳಲ್ಲೇ ಹೋಪಿ ಮತ್ತು ನವಾಹೊ ಜನರ ಬ್ಲ್ಯಾಕ್ ಮೆಸಾ ಪ್ರಸ್ಥಭೂಮಿಯಲ್ಲಿ ಕಲ್ಲಿದ್ದಲ ಗಣಿಗಾರಿಕೆ ಭರದಿಂದ ಸಾಗಿತ್ತು. ಪುಡಿಮಾಡಿದ ಕಲ್ಲಿದ್ದಲನ್ನು ಆ ಒಣನೆಲದ ಅಂತರ್ಜಲದಲ್ಲೇ ಕದಡಿ, 273 ಮೈಲಿ ಉದ್ದದ ಕೊಳವೆಯಲ್ಲಿ ನೆವಾಡಾದ ವಿದ್ಯುತ್ ಸ್ಥಾವರಕ್ಕೆ ಹರಿಸುತ್ತಿದ್ದರು. ಕುಡಿಯಲು ನೀರಿಲ್ಲದ ಹಳ್ಳಿಗಳ ಕೆಳಗಿನ ನೀರು ಮಹಾನಗರಗಳ ದೀಪಕ್ಕಾಗಿ ಹರಿದುಹೋಯಿತು. ಆ ಸ್ಥಾವರ 2005ರ ಕೊನೆಗೆ ಮುಚ್ಚಿತು.

ಚಿತ್ರದ ಕೊನೆಗೆ ಮತ್ತೆ ರಾಕೆಟ್. ಈ ಸಲ ಅದು ಆಕಾಶದಲ್ಲಿ ಸಿಡಿಯುತ್ತದೆ. ಉರಿಯುವ ಒಂದು ತುಂಡು ತಿರುಗುತ್ತ ತಿರುಗುತ್ತ ಬೀಳುವುದನ್ನು ಕ್ಯಾಮೆರಾ ಬಿಡದೆ ಹಿಂಬಾಲಿಸುತ್ತದೆ. ಹಿನ್ನೆಲೆಯಲ್ಲಿ ಗಂಭೀರವಾದ ತಗ್ಗುಸ್ವರದ ಗಾಯನ. ಇದು 1986ರ ಚಾಲೆಂಜರ್ ದುರಂತವೆಂದು ಭಾವಿಸುವವರುಂಟು. ಅಲ್ಲ, ಚಿತ್ರ ಅದಕ್ಕಿಂತ ನಾಲ್ಕು ವರ್ಷ ಹಳೆಯದು. ಮೊದಲ ದೃಶ್ಯದ ರಾಕೆಟ್ಟೂ ಇದಲ್ಲ. 1962ರ ಮೇ ತಿಂಗಳಲ್ಲಿ ಸಿಡಿದ ಅಟ್ಲಾಸ್-ಸೆಂಟಾರ್ ರಾಕೆಟ್ ಇದು.

ಚಿತ್ರದ ಅಂತ್ಯದಲ್ಲಿ, ಪ್ರೇರಣೆ ನೀಡಿದವರೆಂದು ಐವರ ಹೆಸರುಗಳು ಬರುತ್ತವೆ. ಒಬ್ಬರು ಹೋಪಿ ಹಿರಿಯ ಡೇವಿಡ್ ಮೊನೊಂಗ್ಯೆ. ಇನ್ನಿಬ್ಬರು ನಮ್ಮ ಓದುಗರಿಗೆ ವಿಶೇಷವಾಗಿ ತಿಳಿದಿರಬೇಕಾದವರು: ಫ್ರಾನ್ಸಿನ ಪ್ರೊಟೆಸ್ಟೆಂಟ್ ಚಿಂತಕ ಝಾಕ್ ಎಲ್ಲುಲ್ ಮತ್ತು 1969ರಲ್ಲಿ ಯಾಜಕಸೇವೆಯಿಂದ ಹಿಂದೆ ಸರಿದ ಕಥೋಲಿಕ ಗುರು ಇವಾನ್ ಇಲಿಚ್. ತಂತ್ರವೆಂಬುದು ಬರೀ ಯಂತ್ರಗಳ ಮೊತ್ತವಲ್ಲ, ಎಲ್ಲದರಲ್ಲೂ ದಕ್ಷತೆಯನ್ನೇ ಅರಸುವ ಒಂದು ಮನೋಧರ್ಮ ಎಂದು ಎಲ್ಲುಲ್ 1954ರಲ್ಲೇ ಬರೆದಿದ್ದರು. ಉಪಕರಣವು ಒಂದು ಮಿತಿ ದಾಟಿದರೆ ಬಳಸುವವನನ್ನೇ ಬಳಸತೊಡಗುತ್ತದೆ ಎಂಬುದು ಇಲಿಚರ ವಾದ. ರೆಜಿಯೊ ಇದನ್ನು ಇನ್ನಷ್ಟು ಮುಂದಕ್ಕೆ ಒಯ್ದರು. ತಂತ್ರಜ್ಞಾನವನ್ನು ನಾವು ಬಳಸುತ್ತೇವೆ ಎನ್ನುವುದೇ ತಪ್ಪು, ಉಸಿರಾಡುವ ಗಾಳಿಯಂತೆ ನಾವು ಅದರೊಳಗೆ ಬದುಕುತ್ತೇವೆ. ಗಾಳಿಯಂತೆಯೇ ಅದು ನಮಗೆ ಕಾಣುವುದಿಲ್ಲ ಎಂಬುದು ಅವರ ನಿಲುವು. ಪೋಪ್ ಫ್ರಾನ್ಸಿಸ್ ಅವರು 2015ರ 'ಲೌದಾತೊ ಸೀ' ವಿಶ್ವಪತ್ರದಲ್ಲಿ, ತಂತ್ರಜ್ಞಾನದ ಫಲಗಳು ತಟಸ್ಥವಲ್ಲ, ಅವು ನಮ್ಮ ಜೀವನಕ್ರಮವನ್ನೇ ತಿದ್ದುವ ಚೌಕಟ್ಟನ್ನು ಕಟ್ಟುತ್ತವೆ ಎಂದಾಗ ಇದೇ ಚಿಂತನಾಧಾರೆ ಧರ್ಮಸಭೆಯ ಬೋಧನೆಯೊಳಗೂ ಹರಿದುಬಂತು. 2020ರ ದಿಗ್ಬಂಧನದ ದಿನಗಳನ್ನು ನೆನೆಯಿರಿ. ಬಲಿಪೂಜೆಯನ್ನೂ ನಾವು ಅಂಗೈಯಗಲದ ಪರದೆಯಲ್ಲಿ ಕಂಡೆವು, ಅದಕ್ಕಾಗಿ ದೇವರಿಗೆ ವಂದನೆ ಸಲ್ಲಿಸಿದೆವು. ಆ ವಂದನೆ ಸುಳ್ಳಲ್ಲ. ಆದರೆ ಅಂದಿನಿಂದ ಮನೆಯೊಳಗೆ ಏನು ಬದಲಾಯಿತು ಎಂದು ನಾವೆಷ್ಟು ಜನ ಕುಳಿತು ನೋಡಿದ್ದೇವೆ?

ಒಂದು ಆಕ್ಷೇಪವನ್ನು ಮುಚ್ಚಿಡಬಾರದು. ಯಂತ್ರವನ್ನು ಪ್ರಶ್ನಿಸುವ ಈ ಚಿತ್ರವೇ ಯಂತ್ರಗಳ ಕೂಸು. ಹೆಲಿಕಾಪ್ಟರ್, ವಿಶೇಷ ಕ್ಯಾಮೆರಾ, ಬೃಹತ್ ಧ್ವನಿವ್ಯವಸ್ಥೆ ಇಲ್ಲದೆ ಅದು ಹುಟ್ಟುತ್ತಿರಲಿಲ್ಲ. ಇದನ್ನು ರೆಜಿಯೊ ಅಲ್ಲಗಳೆಯುವುದಿಲ್ಲ. ಜನರಿಗೆ ತಿಳಿಯುವ ಭಾಷೆ ಅದೊಂದೇ ಆದ್ದರಿಂದ ಅದರಲ್ಲೇ ಮಾತಾಡಿದೆ ಎನ್ನುತ್ತಾರೆ. ಇನ್ನೊಂದು ತೊಡಕು ಇದಕ್ಕಿಂತ ಸೂಕ್ಷ್ಮ. ರಾತ್ರಿಯ ನಗರವನ್ನು ಚಿತ್ರವು ಎಷ್ಟು ಸುಂದರವಾಗಿ ತೋರಿಸುತ್ತದೆಯೆಂದರೆ, ಖಂಡಿಸಬೇಕಾದವರು ಮೋಹಗೊಳ್ಳುತ್ತಾರೆ. ಮುಂದಿನ ವರ್ಷಗಳಲ್ಲಿ ಹರಿಯುವ ದೀಪಗಳ, ಓಡುವ ಮೋಡಗಳ ಈ ಶೈಲಿಯನ್ನು ಎತ್ತಿಕೊಂಡವರು ಯಾರು ಗೊತ್ತೇ? ಕಾರು ಮಾರುವ ಜಾಹೀರಾತುಗಾರರು. ಪ್ರವಾದಿಯ ದನಿಯನ್ನೇ ಪೇಟೆ ಖರೀದಿಸಿತು.

ಎರಡನೆಯ ಚಿತ್ರ 'ಪೊವಾಕಾಟ್ಸಿ' 1988ರಲ್ಲಿ ಬಂತು. ಇತರರ ಜೀವಸತ್ವವನ್ನು ಹೀರಿ ಬದುಕುವ ಬಾಳು ಎಂದು ಅದರ ಅರ್ಥ. ಇದರಲ್ಲಿ ಭಾರತವೂ ಸೇರಿ ಏಷ್ಯಾ, ಆಫ್ರಿಕ, ದಕ್ಷಿಣ ಅಮೆರಿಕಗಳ ದುಡಿಯುವ ಜನರಿದ್ದಾರೆ. ಮೊದಲ ದೃಶ್ಯ ಬ್ರೆಜಿಲ್ ದೇಶದ ಸೆರ್ರಾ ಪೆಲಾಡಾ ಚಿನ್ನದ ಗಣಿ. ದೈತ್ಯಗಾತ್ರದ ಹಳ್ಳವೊಂದರಿಂದ ಸಾವಿರಾರು ಗಂಡಸರು ಕೆಸರಿನ ಮೂಟೆಗಳನ್ನು ಹೊತ್ತು ಇರುವೆಗಳಂತೆ ಏರುತ್ತಿದ್ದಾರೆ. ಗಾಯಗೊಂಡ ಒಬ್ಬನನ್ನು ಜೊತೆಗಾರರು ಎತ್ತಿಕೊಂಡು ಮೇಲಕ್ಕೆ ಬರುತ್ತಾರೆ. ತಲೆ ಹಿಂದಕ್ಕೆ ಬಾಗಿದೆ, ತೋಳುಗಳು ಚಾಚಿವೆ. ಶಿಲುಬೆಯಿಂದ ಇಳಿಸಿದ ದೇಹದ ಚಿತ್ರಗಳನ್ನು ಗುಡಿಯಲ್ಲಿ ನೋಡಿ ಬೆಳೆದ ಯಾರಿಗೂ ಆ ಸಾದೃಶ್ಯ ತಪ್ಪದು. ರೆಜಿಯೊ ಅವರಿಗೂ ತಪ್ಪಿರಲಾರದು. ಚಿತ್ರದ ಇನ್ನೊಂದೆಡೆ ರಸ್ತೆಯಂಚಿನಲ್ಲಿ ಒಬ್ಬ ಪುಟ್ಟ ಹುಡುಗ ನಡೆದು ಬರುತ್ತಾನೆ. ಹಿಂದಿನಿಂದ ಲಾರಿಯೊಂದು ಬಂದು ದಾಟುತ್ತದೆ, ಎದ್ದ ಧೂಳು ಅವನನ್ನು ಪೂರಾ ನುಂಗಿಬಿಡುತ್ತದೆ. ನಮ್ಮ ಗಣಿನಾಡಿನ ರಸ್ತೆಗಳಲ್ಲಿ ಅದಿರು ಲಾರಿಗಳನ್ನು ಕಂಡವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ಮೊದಲ ಚಿತ್ರದಲ್ಲಿ ಕಡಿಮೆಯಾಗಿದ್ದ ಬಡವರ ಮುಖಗಳು ಇಲ್ಲಿ ತೆರೆಯನ್ನು ತುಂಬಿವೆ. ಆದ್ದರಿಂದಲೇ ಹೆಚ್ಚು ಪ್ರಸಿದ್ಧವಲ್ಲದ ಈ ಚಿತ್ರ ನನಗೆ ಹೆಚ್ಚು ಪ್ರಿಯ.

ಮೂರನೆಯದಾದ 'ನಕೊಯ್ಕಾಟ್ಸಿ' (2002), ಅಂದರೆ ಯುದ್ಧವೇ ಆದ ಬಾಳು, ಬ್ರೂಗೆಲ್ ಬರೆದ ಬಾಬೆಲ್ ಗೋಪುರದ ವರ್ಣಚಿತ್ರದಿಂದ ತೊಡಗುತ್ತದೆ. ಅದರ ಬಹುಪಾಲು ದೃಶ್ಯಗಳು ಹಳೆಯ ತುಣುಕುಗಳನ್ನು ಗಣಕಯಂತ್ರದಲ್ಲಿ ತಿರುಚಿ ಬಣ್ಣ ಬಳಿದಂಥವು. ಉದ್ದೇಶ ದೊಡ್ಡದು, ಆದರೂ ನೋಡುತ್ತ ನೋಡುತ್ತ ಕಣ್ಣು ದಣಿಯುತ್ತದೆ, ಮನಸ್ಸು ಒಳಗೆ ಹೋಗುವುದಿಲ್ಲ.

ಇವೆಲ್ಲಕ್ಕಿಂತ ಚಿಕ್ಕದಾದ ಒಂದು ಚಿತ್ರವಿದೆ. 'ಎವಿಡೆನ್ಸ್' ಎಂದರೆ ಸಾಕ್ಷ್ಯ. 1995ರಲ್ಲಿ ಇಟಲಿಯಲ್ಲಿ ತಯಾರಾದ ಇದರ ಅವಧಿ ಸುಮಾರು ಎಂಟು ನಿಮಿಷ. ಸಂಗೀತ ಮತ್ತೆ ಗ್ಲಾಸ್ ಅವರದೇ. ಧರ್ಮಕೇಂದ್ರದ ಕೌಟುಂಬಿಕ ಕೂಟಗಳಲ್ಲಿ ತೋರಿಸುವುದಾದರೆ 86 ನಿಮಿಷಗಳ ಮಹಾಚಿತ್ರಕ್ಕಿಂತ ಇದನ್ನೇ ತೋರಿಸಿರಿ ಎನ್ನುತ್ತೇನೆ. ಇದರಲ್ಲಿ ರಾಕೆಟ್ ಇಲ್ಲ, ಸ್ಫೋಟವಿಲ್ಲ, ನಗರವೂ ಇಲ್ಲ. ಪುಟ್ಟ ಮಕ್ಕಳ ಮುಖಗಳು ಮಾತ್ರ. ಅವರು ದೂರದರ್ಶನ ನೋಡುತ್ತಿದ್ದಾರೆ. ಅವರ ಮುಂದೆ ಓಡುತ್ತಿರುವುದು ಹಿಂಸೆಯ ಚಿತ್ರವೇನಲ್ಲ, ದೊಡ್ಡ ಕಿವಿಗಳ ಆನೆಮರಿಯ ಕಥೆಯಾದ ಡಿಸ್ನಿಯವರ 'ಡಂಬೊ'. ಆ ಪರದೆಯನ್ನು ರೆಜಿಯೊ ಒಮ್ಮೆಯೂ ತೋರಿಸುವುದಿಲ್ಲ. ಪರದೆ ಇರಬೇಕಾದ ಸ್ಥಳದಲ್ಲಿ ಕುಳಿತವರು ನಾವು. ಮಗುವೊಂದು ನಮ್ಮತ್ತ ನೋಡುತ್ತಿದೆ. ಬಾಯಿ ಅರೆ ತೆರೆದಿದೆ, ಕಣ್ಣೆವೆ ಬಡಿಯುವುದು ಅಪರೂಪ. ಆಟದಲ್ಲಿ ತೊಡಗಿದ ಮಗುವಿನ ಮುಖದಲ್ಲಿ ಕಾಣುವ ಚುರುಕು ಇಲ್ಲ, ಮಲಗಿದ ಮಗುವಿನ ನೆಮ್ಮದಿಯೂ ಇಲ್ಲ. ಒಂದು ಕ್ಷಣ ತುಟಿಯಂಚಿನಲ್ಲಿ ಏನೋ ಮಿಸುಕಾಡುತ್ತದೆ, ಮತ್ತೆ ಆರಿಹೋಗುತ್ತದೆ. ಒಂದರ ನಂತರ ಇನ್ನೊಂದು ಮುಖ, ಅದರ ನಂತರ ಮತ್ತೊಂದು, ನಮ್ಮನ್ನೇ ನೋಡುತ್ತವೆ, ನಮ್ಮನ್ನು ಕಾಣದೆ.